ರೋಬಾಟ್ ಕೆಟ್ಟು ನಿಂತಾಗ ಯಾವ ಟೂಲ್ ಬಾಯಿ ಬಿಡುತ್ತದೆ?

ಪ್ರಶ್ನೆ: ಸರ್, ನಾವು ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಪ್ರಾಜೆಕ್ಟ್‌ಗೆ ಹನ್ನೆರಡು ವಾರ ಇದೆ. ಎರಡು ಮೋಟಾರ್, ಒಂದು ಕ್ಯಾಸ್ಟರ್ ಚಕ್ರ ಇರುವ ಪುಟ್ಟ ರೋಬಾಟ್ ಕೋಣೆಯೊಳಗೆ ಓಡಾಡಬೇಕು. ನಂಬರ್ ಹಾಕಿದ ಸ್ಟ್ಯಾಂಡ್ ಹುಡುಕಿ, ಅಲ್ಲಿರುವ ಡಬ್ಬಿಯನ್ನು ಗ್ರಿಪ್ಪರ್‌ನಿಂದ ಹಿಡಿದು ವಾಪಸ್ ತರಬೇಕು. ಲ್ಯಾಬ್‌ನಲ್ಲಿ ರಾಸ್‌ಬೆರಿ ಪೈ 5 ಅನ್ನುವ ಪುಟ್ಟ ಕಂಪ್ಯೂಟರ್, ಆರ್ಡುಯಿನೊ ಉನೊ ಕಂಟ್ರೋಲರ್ ಬೋರ್ಡ್, ಕ್ಯಾಮೆರಾ, ಚಕ್ರ ಎಷ್ಟು ತಿರುಗಿತು ಅಂತ ತಿಳಿಸುವ ಎನ್‌ಕೋಡರ್ ಇರುವ ಮೋಟಾರ್, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಇವೆ. ಇಬ್ಬರಿಗೆ ಪೈಥಾನ್ ಬರುತ್ತದೆ, ಒಬ್ಬನಿಗೆ ಸ್ವಲ್ಪ ಸಿ ಗೊತ್ತು. ರಾಸ್ 2, ಗಜೀಬೊ, ಓಪನ್‌ಸಿವಿ, ಯೋಲೊ, ಮೈಕ್ರೊ ರಾಸ್, ಪ್ಲಾಟ್‌ಫಾರ್ಮ್‌ಐಓ ಅಂತ ಸೀನಿಯರ್‌ಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದನ್ನು ಹಿಡಿಯೋದು, ಯಾವುದನ್ನು ಬಿಡೋದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಆರು ಟೂಲ್‌ಗಳ ಹೆಸರಿದೆ. ಆದರೆ ರೋಬಾಟ್ ಸೆಕೆಂಡಿಗೆ ಎಷ್ಟು ಸಲ ಏನು ಮಾಡಬೇಕು ಅನ್ನುವುದರ ಬಗ್ಗೆ ಒಂದು ಸಾಲೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು. ಬೈಯುತ್ತಿಲ್ಲ, ನಾನೂ ನನ್ನ ಮೊದಲ ರೋಬಾಟ್‌ಗೆ ಇದೇ ಮಾಡಿದ್ದೆ. ಮೂರು ವಾರ ಬರೀ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆದು, ನಾಲ್ಕನೇ ವಾರ ನೋಡಿದರೆ ಚಕ್ರ ಇನ್ನೂ ಒಂದು ಸುತ್ತೂ ತಿರುಗಿರಲಿಲ್ಲ.

ಟೂಲ್ ಆರಿಸುವಾಗ ಎಲ್ಲರೂ ಕೇಳುವುದು "ಇದರಿಂದ ಏನೇನು ಮಾಡಬಹುದು" ಅಂತ. ನಾನು ಕೇಳುವುದು ಬೇರೆ: ಇದು ಕೆಟ್ಟಾಗ ನಿಮಗೆ ಏನು ಕಾಣಿಸುತ್ತದೆ? ವಿಡಿಯೊದಲ್ಲಿ ಎಲ್ಲಾ ಲೈಬ್ರರಿಯೂ ಚೆನ್ನಾಗೇ ಓಡುತ್ತದೆ. ಡೆಮೊದ ಹಿಂದಿನ ರಾತ್ರಿ ರೋಬಾಟ್ ಸುಮ್ನೆ ನಿಂತುಬಿಟ್ಟರೆ, ತಪ್ಪು ಮೋಟಾರಿನದಾ, ವೈರಿನದಾ, ಕೋಡಿನದಾ ಅಂತ ನೀವು ಮೂವರೇ ಕೂತು ಅರ್ಧ ಗಂಟೆಯಲ್ಲಿ ಹೇಳಬೇಕು. ಅದಕ್ಕೆ ಬಿಡುವ ಟೂಲ್ ನಿಮ್ಮದು. ಬಿಡದಿದ್ದರೆ ಎಷ್ಟೇ ದೊಡ್ಡ ಹೆಸರಾದರೂ ಈ ಹನ್ನೆರಡು ವಾರಕ್ಕೆ ಅದು ನಿಮ್ಮದಲ್ಲ.

ಮೊದಲು ಒಂದು ಹಾಳೆ ತೆಗೆದುಕೊಂಡು ರೋಬಾಟ್ ಒಳಗೆ ನಡೆಯುವ ಕೆಲಸಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಅದು ಸೆಕೆಂಡಿಗೆ ಎಷ್ಟು ಸಲ ನಡೆಯಬೇಕು, ತಡವಾದರೆ ಏನಾಗುತ್ತದೆ ಅಂತ ಬರೆಯಿರಿ. ಚಕ್ರದ ವೇಗ ಸರಿಪಡಿಸುವುದು ಸೆಕೆಂಡಿಗೆ 50 ಸಲ, ತಡವಾದರೆ ರೋಬಾಟ್ ಓಲಾಡುತ್ತದೆ. ಕ್ಯಾಮೆರಾ ಚಿತ್ರ ನೋಡುವುದು ಹತ್ತು ಹದಿನೈದು ಸಲ, ಒಂದೆರಡು ಚಿತ್ರ ತಪ್ಪಿದರೆ ಏನೂ ಆಗುವುದಿಲ್ಲ. ಮುಂದೆ ಎಲ್ಲಿಗೆ ಹೋಗಬೇಕು ಅನ್ನುವ ತೀರ್ಮಾನ ಸೆಕೆಂಡಿಗೆ ಐದು ಸಲ ಆದರೆ ಸಾಕೋ ಸಾಕು. ಎನ್‌ಕೋಡರ್ ಎಣಿಸುವುದು ಮಾತ್ರ ಬೇರೆ ಜಾತಿ. ಚಕ್ರದ ಒಂದು ಸುತ್ತಿಗೆ 500 ಪಲ್ಸ್, ಅಂದರೆ 500 ಮಿಡಿತ ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ ಎರಡು ಸುತ್ತು ತಿರುಗಿದರೆ ಒಂದು ಚಕ್ರಕ್ಕೇ 1000 ಪಲ್ಸ್, ಎರಡಕ್ಕೆ 2000. ಒಂದೂ ತಪ್ಪುವಂತಿಲ್ಲ, ತಪ್ಪಿದರೆ ರೋಬಾಟ್ ತಾನೆಲ್ಲಿದ್ದೇನೆ ಅಂತ ಮೆಲ್ಲಗೆ ಮರೆಯುತ್ತಾ ಹೋಗುತ್ತದೆ.

ಈ ಹಾಳೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಹೊತ್ತಿಗೆ ಸರಿಯಾಗಿ ಆಗಲೇಬೇಕಾದ ಕೆಲಸ ಉನೊಗೆ, ತಲೆ ಓಡಿಸುವ ಕೆಲಸ ಪೈಗೆ. ಪೈ ಉನೊಗಿಂತ ಎಷ್ಟೋ ಪಟ್ಟು ವೇಗದ್ದು, ಅದಕ್ಕೇ ಎಲ್ಲಾ ಕೊಟ್ಟರಾಯ್ತಲ್ಲ ಅನ್ನಿಸಬಹುದು. ಆದರೆ ಅದರೊಳಗೆ ಲಿನಕ್ಸ್ ಇದೆ. ಯಾವ ಪ್ರೋಗ್ರಾಮ್ ಯಾವಾಗ ಓಡಬೇಕು ಅಂತ ಅದು ತನ್ನ ಲೆಕ್ಕದಲ್ಲಿ ತೀರ್ಮಾನಿಸುತ್ತದೆ. ಕ್ಯಾಮೆರಾ ಕೆಲಸ ಜೋರಾಗಿ ನಡೆಯುವಾಗ ನಿಮ್ಮ ಪೈಥಾನ್ ಎಣಿಕೆ ಕೆಲವು ಮಿಲಿಸೆಕೆಂಡ್ ಕಾಯಬೇಕಾದೀತು. ಅಷ್ಟರಲ್ಲಿ ಹಲವು ಪಲ್ಸ್ ಹೋಗಿಬಿಟ್ಟಿರುತ್ತವೆ, ಯಾವ ಎರರ್ ಸಂದೇಶವೂ ಬರುವುದಿಲ್ಲ. ಇಂಥ ಮೌನದ ತಪ್ಪೇ ನನಗೆ ಭಯ. ಉನೊದಲ್ಲಿ ಓಡುವುದು ನಿಮ್ಮ ಕೋಡ್ ಒಂದೇ. 2 ಮತ್ತು 3ನೇ ಪಿನ್‌ಗಳಿಗೆ ಹಾರ್ಡ್‌ವೇರ್ ಇಂಟರಪ್ಟ್ ಇದೆ, ಅಂದರೆ ಪಲ್ಸ್ ಬಂದ ಕೂಡಲೇ ಉನೊ ಬೇರೆ ಕೆಲಸ ನಿಲ್ಲಿಸಿ ಅದನ್ನು ಎಣಿಸುತ್ತದೆ. ನಿಮಗಿರುವುದು ಎರಡು ಚಕ್ರ. ಲೆಕ್ಕ ಸರಿಹೋಯಿತು, ಅಲ್ವಾ?

ಉನೊದ ಕೋಡ್ ಬರೆಯಲು ಆರ್ಡುಯಿನೊ ಐಡಿಇ ಸಾಕಾ, ಪ್ಲಾಟ್‌ಫಾರ್ಮ್‌ಐಓ ಬೇಕಾ? ಒಬ್ಬರೇ ಬರೆಯುವುದಾದರೆ ಐಡಿಇ ಸಾಕು. ಮೂವರ ಲ್ಯಾಪ್‌ಟಾಪ್‌ನಲ್ಲೂ ಅದೇ ಕೋಡ್ ಕಂಪೈಲ್ ಆಗಬೇಕು ಅಂದರೆ ಪ್ಲಾಟ್‌ಫಾರ್ಮ್‌ಐಓ ಒಳ್ಳೆಯದು, ಯಾಕೆಂದರೆ ಯಾವ ಲೈಬ್ರರಿಯ ಯಾವ ಆವೃತ್ತಿ ಅನ್ನುವುದು ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಇದರ ಮೇಲೆ ಜಾಸ್ತಿ ಜಗಳ ಬೇಡ.

ಜಾಸ್ತಿ ಹುಷಾರಾಗಿರಬೇಕಾದ್ದು ಲೈಬ್ರರಿಗಳ ಒಳಜಗಳದ ಬಗ್ಗೆ. ನಾನು ಮಾರ್ಗದರ್ಶನ ಮಾಡಿದ ಒಂದು ತಂಡದ ಕತೆ ಹೇಳುತ್ತೇನೆ. ರೋಬಾಟ್ ಚೆನ್ನಾಗಿ ಓಡುತ್ತಿತ್ತು. ಗ್ರಿಪ್ಪರ್ ಮುಚ್ಚಿ ತೆರೆಯಲು ಸರ್ವೊ ಮೋಟಾರ್ ಸೇರಿಸಿದರು, ಒಂದು ಚಕ್ರ ಸತ್ತುಹೋಯಿತು. ಡ್ರೈವರ್ ಬೋರ್ಡ್ ಬದಲಾಯಿಸಿದರು, ಬ್ಯಾಟರಿ ಬದಲಾಯಿಸಿದರು, ವೈರೆಲ್ಲ ಕಿತ್ತು ಮತ್ತೆ ಹಾಕಿದರು. ಎರಡು ದಿನ ಹೋಯಿತು. ಕಾರಣ ಏನೆಂದರೆ, ಉನೊದಲ್ಲಿ ಸರ್ವೊ ಲೈಬ್ರರಿ ಟೈಮರ್ 1 ಅನ್ನುವ ಒಳಗಿನ ಗಡಿಯಾರವನ್ನು ತನಗೆ ಇಟ್ಟುಕೊಳ್ಳುತ್ತದೆ, ಹಾಗಾಗಿ 9 ಮತ್ತು 10ನೇ ಪಿನ್‌ಗಳಲ್ಲಿ ಪಿಡಬ್ಲ್ಯೂಎಂ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸಂಕೇತ) ಕೆಲಸ ಮಾಡುವುದಿಲ್ಲ. ಸರ್ವೊವನ್ನು ಬೇರೆ ಪಿನ್‌ಗೆ ಹಾಕಿದ್ದರೂ ಅಷ್ಟೇ. ಅವರ ಒಂದು ಮೋಟಾರಿನ ವೇಗದ ವೈರ್ 9ರಲ್ಲಿತ್ತು. ಇದು ಆ ಲೈಬ್ರರಿಯ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದೆ, ಆದರೆ ಯಾರು ಓದುತ್ತಾರೆ ಹೇಳಿ. ನೀವು ಮೋಟಾರ್‌ಗೆ 5 ಮತ್ತು 6ನೇ ಪಿನ್ ಬಳಸಿ. ಯಾವುದೇ ಹೊಸ ಲೈಬ್ರರಿ ಸೇರಿಸುವ ಮುಂಚೆ ಅದು ಯಾವ ಟೈಮರ್, ಯಾವ ಪಿನ್, ಯಾವ ಇಂಟರಪ್ಟ್ ಹಿಡಿಯುತ್ತದೆ ಅಂತ ನೋಡಿ, ಆ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ.

ಅಲ್ಟ್ರಾಸಾನಿಕ್ ಸೆನ್ಸರಿನಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ಎಲ್ಲಾ ಪಾಠಗಳಲ್ಲೂ ಪಲ್ಸ್‌ಇನ್ ಅಂತ ಒಂದು ಫಂಕ್ಷನ್ ಬಳಸುತ್ತಾರೆ. ಪ್ರತಿಧ್ವನಿ ವಾಪಸ್ ಬರದಿದ್ದರೆ ಅದು ಪೂರ್ತಿ ಒಂದು ಸೆಕೆಂಡ್ ಕಾಯುತ್ತಾ ಕೂರಬಹುದು, ಅದರ ಡೀಫಾಲ್ಟ್ ಹಾಗಿದೆ. ಆ ಒಂದು ಸೆಕೆಂಡ್ ಚಕ್ರಕ್ಕೆ ಯಜಮಾನನೇ ಇಲ್ಲ. ನಿಮಗೆ ಎರಡು ಮೀಟರ್ ಆಚೆ ನೋಡುವ ಅಗತ್ಯ ಇಲ್ಲದಿದ್ದರೆ ಲೆಕ್ಕ ಹಾಕಿ: ಹೋಗಿ ಬರಲು ನಾಲ್ಕು ಮೀಟರ್, ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ ಸುಮಾರು 12 ಮಿಲಿಸೆಕೆಂಡ್. ಅಷ್ಟಕ್ಕೇ ಟೈಮ್‌ಔಟ್ ಕೊಡಿ. ಸೆಕೆಂಡಿಗೆ 50 ಸಲದ ಲೂಪ್ ಅಂದರೆ ಪ್ರತಿ ಸುತ್ತಿಗೆ 20 ಮಿಲಿಸೆಕೆಂಡ್ ಇರುತ್ತದೆ, ಅದರೊಳಗೆ ಇದು ಹಿಡಿಯುತ್ತದೆ, ಒಂದು ಸುತ್ತಿಗೆ ಒಂದೇ ಸೆನ್ಸರ್ ಓದಿದರೆ. ಯಾರೋ 100 ಸಲ ಇರಲಿ ಅಂದರು ಅಂತ 100 ಮಾಡಿದರೆ ಹಿಡಿಯುವುದಿಲ್ಲ. ಡಿಲೇ ಫಂಕ್ಷನ್ನನ್ನಂತೂ ಮುಖ್ಯ ಲೂಪ್‌ನಲ್ಲಿ ಬಳಸಲೇಬೇಡಿ, ಮಿಲಿಸ್ ಫಂಕ್ಷನ್ ಕೊಡುವ ಸಮಯ ನೋಡಿಕೊಂಡು ಕೆಲಸ ಮಾಡಿ.

ಪಿಐಡಿಗೆ, ಅಂದರೆ ಚಕ್ರದ ವೇಗದ ತಪ್ಪು ನೋಡಿ ಸರಿಪಡಿಸುವ ಲೆಕ್ಕಕ್ಕೆ, ಲೈಬ್ರರಿ ಬೇಕಾ ಅಂತ ಮುಂದೆ ಕೇಳೇ ಕೇಳುತ್ತೀರಿ. ಬೇಡ, ನೀವೇ ಬರೆಯಿರಿ. ಹತ್ತು ಹದಿನೈದು ಸಾಲಿನ ಕೋಡ್ ಅದು. ಚಕ್ರ ಓಲಾಡಿದಾಗ ಒಳಗೆ ಯಾವ ಸಂಖ್ಯೆ ಬೆಳೆಯುತ್ತಿದೆ ಅಂತ ನಿಮಗೆ ಕಾಣಬೇಕು. ಚಕ್ರ ಗೋಡೆಗೆ ತಾಗಿ ನಿಂತಾಗ, ತಪ್ಪುಗಳನ್ನು ಕೂಡುತ್ತಾ ಹೋಗುವ ಇಂಟಿಗ್ರಲ್ ಮೊತ್ತ ಬೆಳೆಯುತ್ತಲೇ ಹೋಗಿ, ಬಿಟ್ಟ ಕೂಡಲೇ ರೋಬಾಟ್ ಬಾಣದ ಹಾಗೆ ಹಾರುತ್ತದೆ. ಆ ಮೊತ್ತಕ್ಕೆ ಒಂದು ಮಿತಿ ಹಾಕಲು ಮರೆಯಬೇಡಿ. ಉನೊದಲ್ಲಿ ಇರುವ ರ‍್ಯಾಮ್ ಬರೀ 2 ಕಿಲೋಬೈಟ್ ಅನ್ನುವುದೂ ನೆನಪಿರಲಿ. ಉದ್ದುದ್ದ ಸಂದೇಶಗಳನ್ನು ಪ್ರಿಂಟ್ ಮಾಡಲು ಹೋದರೆ ಅದು ತುಂಬಿ, ಏನೂ ಹೇಳದೆ ವಿಚಿತ್ರವಾಗಿ ಆಡಲು ಶುರು ಮಾಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪೈ ಮತ್ತು ಉನೊ ಮಾತಾಡುವ ಜಾಗ. ನಿಮ್ಮ ಪ್ರಶ್ನೆಯಲ್ಲಿ ಇದರ ಹೆಸರೇ ಇಲ್ಲ, ಆದರೆ ವಿದ್ಯಾರ್ಥಿಗಳ ರೋಬಾಟ್ ಜಾಸ್ತಿ ಕೆಡುವುದು ಇಲ್ಲೇ. ಒಂದು ಯುಎಸ್‌ಬಿ ಕೇಬಲ್ ಹಾಕಿ, ಸೀರಿಯಲ್ ಮೂಲಕ ಬರೀ ಅಕ್ಷರದ ಸಾಲು ಕಳಿಸಿ. ಪೈ ಕಳಿಸುವುದು "ಎಡ ಚಕ್ರ ಇಷ್ಟು, ಬಲ ಚಕ್ರ ಇಷ್ಟು" ಅನ್ನುವ ಒಂದು ಸಾಲು, ಉನೊ ವಾಪಸ್ ಕಳಿಸುವುದು "ಎನ್‌ಕೋಡರ್ ಇಷ್ಟು, ದೂರ ಇಷ್ಟು" ಅನ್ನುವ ಇನ್ನೊಂದು ಸಾಲು. ಬೈನರಿ ಪ್ಯಾಕೆಟ್ ಮಾಡಿದರೆ ವೇಗ ಬರುತ್ತದೆ ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಬಿಟ್ಟುಬಿಡಿ. ಅಕ್ಷರದ ಸಾಲಿನ ದೊಡ್ಡ ಲಾಭ ಏನೆಂದರೆ, ಪೈಯನ್ನು ಪಕ್ಕಕ್ಕಿಟ್ಟು ಸೀರಿಯಲ್ ಮಾನಿಟರ್ ತೆರೆದು ನೀವೇ ಕೈಯಾರೆ ಟೈಪ್ ಮಾಡಿ ಚಕ್ರ ತಿರುಗಿಸಬಹುದು. ತಿರುಗಿದರೆ ತಪ್ಪು ಪೈ ಕಡೆ, ತಿರುಗದಿದ್ದರೆ ಉನೊ ಕಡೆ. ಒಂದೇ ನಿಮಿಷದಲ್ಲಿ ಅರ್ಧ ಅನುಮಾನ ಹೋಯಿತು.

ವೇಗದ ಲೆಕ್ಕವನ್ನೂ ನೋಡಿಬಿಡಿ. 9600 ಬಾಡ್ ಅಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ. ನಲವತ್ತು ಅಕ್ಷರದ ಸಾಲನ್ನು ಸೆಕೆಂಡಿಗೆ ಇಪ್ಪತ್ತು ಸಲ ಕಳಿಸಿದರೆ ಆಗಲೇ 800, ಅಂಚಿಗೆ ಬಂದಿರಿ. 115200 ಇಟ್ಟರೆ 11,520 ಅಕ್ಷರ ಹೋಗುತ್ತದೆ, ನಿಶ್ಚಿಂತೆ. ಪಾಠಗಳಲ್ಲೆಲ್ಲ 9600 ಇರುವುದು ಸುಮ್ನೆ ಅಭ್ಯಾಸಬಲ.

ಇಲ್ಲಿ ಇನ್ನೆರಡು ಗುಂಡಿಗಳಿವೆ. ಪೈಥಾನ್‌ನಲ್ಲಿ ಇಂಪೋರ್ಟ್ ಮಾಡುವ ಹೆಸರು ಸೀರಿಯಲ್, ಆದರೆ ಇನ್‌ಸ್ಟಾಲ್ ಮಾಡಬೇಕಾದ ಪ್ಯಾಕೇಜ್ ಹೆಸರು ಪೈಸೀರಿಯಲ್. ಸೀರಿಯಲ್ ಅನ್ನುವ ಹೆಸರಲ್ಲೇ ಬೇರೊಂದು ಪ್ಯಾಕೇಜ್ ಇದೆ, ಅದನ್ನು ಹಾಕಿಕೊಂಡು ಒದ್ದಾಡಿದವರಿಗೆ ಲೆಕ್ಕವಿಲ್ಲ. ಎರಡನೆಯದು, ಪೈ ಕಡೆಯಿಂದ ಪೋರ್ಟ್ ತೆರೆದ ಕೂಡಲೇ ಉನೊ ರೀಸೆಟ್ ಆಗುತ್ತದೆ. ಬೂಟ್‌ಲೋಡರ್ (ಮೊದಲು ಓಡುವ ಪುಟ್ಟ ಪ್ರೋಗ್ರಾಮ್) ಮುಗಿದು ನಿಮ್ಮ ಕೋಡ್ ಶುರುವಾಗಲು ಒಂದೆರಡು ಸೆಕೆಂಡ್ ಬೇಕು, ಅಷ್ಟರೊಳಗೆ ಕಳಿಸಿದ್ದೆಲ್ಲ ಗಾಳಿಗೆ. ಹಾಗಾಗಿ ಉನೊ ಎದ್ದ ತಕ್ಷಣ "ಎದ್ದೆ" ಅನ್ನುವ ಅರ್ಥದ ಒಂದು ಸಾಲು ಕಳಿಸಲಿ, ಪೈ ಅದು ಬರುವ ತನಕ ಕಾಯಲಿ. ಈ ಒಂದು ಸಾಲು ಆಮೇಲೆ ಇನ್ನೊಂದು ಕೆಲಸಕ್ಕೂ ಬರುತ್ತದೆ. ರೋಬಾಟ್ ಓಡುತ್ತಿರುವಾಗ ಮಧ್ಯದಲ್ಲಿ "ಎದ್ದೆ" ಅಂತ ಬಂದರೆ ಉನೊ ಬಿದ್ದು ಎದ್ದಿದೆ ಅಂತ ಅರ್ಥ, ಮೊದಲು ಅನುಮಾನಿಸಬೇಕಾದ್ದು ಕರೆಂಟನ್ನು. ಗ್ರಿಪ್ಪರಿನ ಸರ್ವೊಗೆ ಉನೊದ 5 ವೋಲ್ಟ್ ಪಿನ್ನಿಂದಲೇ ಕರೆಂಟ್ ಕೊಟ್ಟವರಿಗೆ ಇದು ಆಗಾಗ ಕಾಣುತ್ತದೆ. ಡಬ್ಬಿ ಹಿಡಿದಾಗ ಸರ್ವೊ ಜೋರಾಗಿ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಉನೊ ರೀಸೆಟ್. ಕೋಡ್‌ನಲ್ಲಿ ವಾರಗಟ್ಟಲೆ ಹುಡುಕಿದರೂ ಸಿಗದ ತಪ್ಪು ಇದು.

ಮತ್ತೊಂದು, ಇದನ್ನು ಕಡ್ಡಾಯ ಅಂತ ತಿಳಿಯಿರಿ: ಅರ್ಧ ಸೆಕೆಂಡ್ ಪೈಯಿಂದ ಏನೂ ಬರದಿದ್ದರೆ ಉನೊ ತಾನೇ ಮೋಟಾರ್ ನಿಲ್ಲಿಸಬೇಕು. ಪೈ ಪ್ರೋಗ್ರಾಮ್ ಕ್ರ್ಯಾಶ್ ಆದಾಗ ಕೊನೆಯ ಆಜ್ಞೆ ಹಿಡಿದುಕೊಂಡು ರೋಬಾಟ್ ಮೆಟ್ಟಿಲ ಕಡೆ ಓಡುವುದನ್ನು ನೋಡುವ ಅದೃಷ್ಟ ನಿಮಗೆ ಬೇಡ.

ಪೈ ಕಡೆ ಭಾಷೆ ಪೈಥಾನ್, ಇದರಲ್ಲಿ ಎರಡು ಮಾತಿಲ್ಲ. ಸಿ++ ವೇಗ ಅನ್ನುವವರಿಗೆ ಹೇಳಿ, ಚಿತ್ರ ನೋಡುವ ಲೈಬ್ರರಿ ಓಪನ್‌ಸಿವಿ ಒಳಗೆ ಭಾರ ಎತ್ತುವುದು ಹೇಗೂ ಸಿ++ ಕೋಡೇ, ಪೈಥಾನ್ ಬರೀ ಹೇಳಿ ಮಾಡಿಸುವುದು. ಕಷ್ಟ ಭಾಷೆಯದ್ದಲ್ಲ, ಇನ್‌ಸ್ಟಾಲ್‌ನದ್ದು. ಪೈ 5ಗೆ ರಾಸ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. ಅದರಲ್ಲಿ ನೇರವಾಗಿ ಪಿಪ್ ಇನ್‌ಸ್ಟಾಲ್ ಅಂದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಅಂತ ಬೈಸಿಕೊಳ್ಳುತ್ತೀರಿ. ಅದನ್ನು ದಾಟಲು "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಅನ್ನುವ ಆಯ್ಕೆ ಕೊಡಿ ಅಂತ ಎಷ್ಟೋ ಜನ ಸಲಹೆ ಕೊಡುತ್ತಾರೆ. ಹೆಸರಲ್ಲೇ "ಸಿಸ್ಟಮ್ ಮುರಿ" ಅಂತ ಇದೆ, ಇನ್ನೇನು ಎಚ್ಚರಿಕೆ ಬೇಕು? ವೆನ್ವ್, ಅಂದರೆ ಈ ಪ್ರಾಜೆಕ್ಟ್‌ಗೇ ಬೇರೆಯಾದ ಪೈಥಾನ್ ಜಾಗ, ಮಾಡಿಕೊಳ್ಳಿ. ರಿಬ್ಬನ್ ಕೇಬಲ್‌ನ ಪೈ ಕ್ಯಾಮೆರಾ ಆದರೆ ಪೈಕ್ಯಾಮೆರಾ2 ಲೈಬ್ರರಿ ಬೇಕು, ಅದನ್ನು ಸಿಸ್ಟಮ್‌ನ ಸ್ವಂತ ಇನ್‌ಸ್ಟಾಲರ್ ಆದ ಆಪ್ಟ್ ಮೂಲಕ ಹಾಕುವುದೇ ಸಲೀಸು. ಹಾಗಿದ್ದಾಗ ವೆನ್ವ್ ಮಾಡುವಾಗ ಸಿಸ್ಟಮ್ ಪ್ಯಾಕೇಜ್‌ಗಳು ಒಳಗೂ ಕಾಣುವಂತೆ ಮಾಡುವ ಆಯ್ಕೆ ಕೊಡಿ. ಹಳೆಯ ಪಾಠಗಳಲ್ಲಿ ಬರುವ ವಿಡಿಯೊಕ್ಯಾಪ್ಚರ್ ಸಾಲು ಯುಎಸ್‌ಬಿ ವೆಬ್‌ಕ್ಯಾಮ್‌ಗೆ ಸರಿ, ರಿಬ್ಬನ್ ಕ್ಯಾಮೆರಾಗೆ ಹಾಗೇ ನಡೆಯುವುದಿಲ್ಲ. ಪಿನ್‌ಗಳನ್ನು ನಡೆಸುವ ಆರ್‌ಪಿಐ ಜಿಪಿಐಓ ಅನ್ನುವ ಹಳೆಯ ಲೈಬ್ರರಿಯೂ ಪೈ 5ರಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಅದರ ಪಿನ್‌ಗಳನ್ನೆಲ್ಲ ಆರ್‌ಪಿ1 ಅನ್ನುವ ಬೇರೆ ಚಿಪ್ ನೋಡಿಕೊಳ್ಳುತ್ತದೆ. ನೀವು ಪಿನ್ ಕೆಲಸವನ್ನೆಲ್ಲ ಉನೊಗೆ ಕೊಟ್ಟಿದ್ದೀರಿ, ಹಾಗಾಗಿ ಈ ತಲೆನೋವು ನಿಮಗೆ ಬರುವುದೇ ಇಲ್ಲ.

ಇನ್ನು ಯೋಲೊ, ಫೋಟೊಗಳಿಂದ ಕಲಿತು ವಸ್ತು ಗುರುತಿಸುವ ಎಐ. ನಿಮ್ಮ ಸೀನಿಯರ್‌ಗಳು ಇದನ್ನು ಯಾಕೆ ಹೇಳಿದರು ಅಂತ ಗೊತ್ತು, ನೋಡಲು ಚೆನ್ನಾಗಿರುತ್ತದೆ. ಆದರೆ ನಿಮ್ಮ ಸ್ಟ್ಯಾಂಡ್‌ಗಳಿಗೆ ನಂಬರ್ ಹಾಕುವುದು ನೀವೇ. ಹಾಗಿರುವಾಗ ಸಾವಿರ ಫೋಟೊ ತೆಗೆದು, ಪೆಟ್ಟಿಗೆ ಎಳೆದು, ತರಬೇತಿ ಕೊಟ್ಟು, ಆಮೇಲೆ ಪೈ ಮೇಲೆ ಅದು ತೆವಳುವುದನ್ನು ನೋಡುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ನಂಬರಿನ ಬದಲು ಆರುಕೊ ಮಾರ್ಕರ್ ಅಂಟಿಸಿ. ಕಪ್ಪು ಬಿಳುಪಿನ ಚೌಕ ಅದು, ಕಾಗದದಲ್ಲಿ ಪ್ರಿಂಟ್ ಮಾಡಿದರೆ ಆಯ್ತು. ಓಪನ್‌ಸಿವಿ ಒಳಗೇ ಅದನ್ನು ಗುರುತಿಸುವ ಕೋಡ್ ಇದೆ. ಎಷ್ಟನೇ ನಂಬರ್ ಅನ್ನುವುದು ಸಿಗುತ್ತದೆ, ಜೊತೆಗೆ ಎಷ್ಟು ದೂರ, ಯಾವ ಕೋನ ಅನ್ನುವುದೂ ಸಿಗುತ್ತದೆ, ಗ್ರಿಪ್ಪರ್‌ಗೆ ಬೇಕಾದದ್ದು ಅದೇ ತಾನೇ. 4x4ರ 50 ಮಾರ್ಕರ್‌ಗಳ ಡಿಕ್ಷನರಿ ತೆಗೆದುಕೊಳ್ಳಿ. ಚೌಕಗಳು ಕಡಿಮೆ ಇರುವುದರಿಂದ ಅದೇ ಅಳತೆಯ ಕಾಗದ ಜಾಸ್ತಿ ದೂರದಿಂದ ಓದಲು ಬರುತ್ತದೆ. ಸುತ್ತ ಬಿಳಿ ಅಂಚು ಬಿಡಿ. ಅಂಚು ಕತ್ತರಿಸಿ ಕಪ್ಪು ಹಲಗೆಗೆ ಅಂಟಿಸಿ "ಕಾಣ್ತಾನೇ ಇಲ್ಲ ಸರ್" ಅಂದವರಿದ್ದಾರೆ.

ದೂರ ಸರಿಯಾಗಿ ಬರಬೇಕಾದರೆ ಕ್ಯಾಮೆರಾ ಕ್ಯಾಲಿಬ್ರೇಶನ್ ಬೇಕು. ಚೆಸ್‌ಬೋರ್ಡ್ ಚಿತ್ರ ಹಿಡಿದು ಇಪ್ಪತ್ತು ಫೋಟೊ, ಒಂದು ಸಂಜೆಯ ಕೆಲಸ. ಆಮೇಲೆ ಚಿತ್ರದ ಅಳತೆ ಬದಲಾಯಿಸಿದರೆ ಆ ಸಂಖ್ಯೆಗಳು ಹಾಗೇ ನಡೆಯುವುದಿಲ್ಲ. ಮಾರ್ಕರಿನ ಬದಿ ಎಷ್ಟು ಸೆಂಟಿಮೀಟರ್ ಅಂತ ಪ್ರಿಂಟ್ ಆದಮೇಲೆ ಸ್ಕೇಲ್ ಇಟ್ಟು ಅಳೆಯಿರಿ, ಫೈಲ್‌ನಲ್ಲಿದ್ದದ್ದನ್ನು ನಂಬಬೇಡಿ, ಪ್ರಿಂಟರ್ ಹಾಳೆಗೆ ಹೊಂದಿಸಲು ಕುಗ್ಗಿಸಿರುತ್ತದೆ. ಆವೃತ್ತಿಯ ವಿಷಯವೂ ಇದೆ. ಓಪನ್‌ಸಿವಿ 4.7ರಲ್ಲಿ ಆರುಕೊ ಮುಖ್ಯ ಭಾಗಕ್ಕೆ ಬಂತು, ಕೋಡ್ ಬರೆಯುವ ರೀತಿಯೂ ಬದಲಾಯಿತು. ಹಳೆಯ ಪಾಠದ ಸಾಲುಗಳು ಹೊಸದರಲ್ಲಿ "ಅಂಥ ಫಂಕ್ಷನ್ ಇಲ್ಲ" ಅನ್ನಬಹುದು. ಓಪನ್‌ಸಿವಿ ಪೈಥಾನ್ ಮತ್ತು ಓಪನ್‌ಸಿವಿ ಕಾಂಟ್ರಿಬ್ ಪೈಥಾನ್ ಎರಡನ್ನೂ ಒಟ್ಟಿಗೆ ಹಾಕಬೇಡಿ, ಒಂದರ ಮೇಲೊಂದು ಬರೆದುಕೊಂಡು ಎರಡೂ ಕೆಡುತ್ತವೆ.

ಡಬ್ಬಿಯ ಬಣ್ಣ ನೋಡಬೇಕಿದ್ದರೆ ಎಚ್‌ಎಸ್‌ವಿ (ಬಣ್ಣ, ಗಾಢತೆ, ಹೊಳಪನ್ನು ಬೇರೆ ಬೇರೆ ಸಂಖ್ಯೆ ಮಾಡುವ ರೀತಿ) ಸಾಕು. ಓಪನ್‌ಸಿವಿಯಲ್ಲಿ ಮಾಮೂಲಿ ಚಿತ್ರದ ಹ್ಯೂ, ಅಂದರೆ ಬಣ್ಣದ ಸಂಖ್ಯೆ, 0ಯಿಂದ 179ರ ತನಕ, 360 ಅಲ್ಲ. ಬಣ್ಣದ ಕ್ರಮವೂ ನೀಲಿ, ಹಸಿರು, ಕೆಂಪು. ಕೆಂಪು ಡಬ್ಬಿ ಬಿಟ್ಟು ನೀಲಿ ಡಬ್ಬಿ ಹಿಡಿಯಲು ಓಡಿದರೆ ಇದನ್ನೇ ನೋಡಿ. ಇದೆಲ್ಲ ಸಾಲದು, ಗುರುತು ಹಾಕಲಾಗದ ಮಾಮೂಲಿ ವಸ್ತುಗಳನ್ನೇ ಗುರುತಿಸಬೇಕು ಅಂದರೆ ಆಗ ಯೋಲೊ ಕಡೆ ಬನ್ನಿ. ಅಲ್ಟ್ರಾಲಿಟಿಕ್ಸ್‌ನ ಯೋಲೊವಿ8 ಎಜಿಪಿಎಲ್ ಅನ್ನುವ ಕಟ್ಟುನಿಟ್ಟಿನ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿದೆ, ಮುಂದೆ ಇದನ್ನು ಉತ್ಪನ್ನ ಮಾಡುವ ಕನಸಿದ್ದರೆ ಆ ಲೈಸೆನ್ಸನ್ನು ಮೊದಲೇ ಓದಿ. ಓಪನ್‌ಸಿವಿಯ ಲೈಸೆನ್ಸ್ ಅಪಾಚೆ 2, ಅಲ್ಲಿ ಚಿಂತೆ ಕಡಿಮೆ.

ಈಗ ನೀವು ಕಾಯುತ್ತಿದ್ದ ರಾಸ್ 2. ರಾಸ್ ಅಂದರೆ ರೋಬಾಟ್ ಆಪರೇಟಿಂಗ್ ಸಿಸ್ಟಮ್, ಆದರೆ ಅದು ಆಪರೇಟಿಂಗ್ ಸಿಸ್ಟಮ್ ಅಲ್ಲ. ಬೇರೆ ಬೇರೆ ಪ್ರೋಗ್ರಾಮ್‌ಗಳು ಸಂದೇಶ ಹಂಚಿಕೊಳ್ಳುವ ವ್ಯವಸ್ಥೆ, ಅದರ ಮೇಲೆ ಬೆಳೆದ ದೊಡ್ಡ ಲೈಬ್ರರಿ ಸಂಸಾರ. ಅದು ಕೆಟ್ಟದ್ದು ಅಂತ ನಾನು ಹೇಳುವುದೇ ಇಲ್ಲ, ದಿನವೂ ಬಳಸುತ್ತೇನೆ. ಕೆಟ್ಟಾಗ ಬಾಯಿ ಬಿಡುವ ಟೂಲ್‌ಗಳೂ ಅದರಲ್ಲಿ ಬಹಳ ಇವೆ. ಎಲ್ಲಾ ಸಂದೇಶಗಳನ್ನು ಬ್ಯಾಗ್ ಫೈಲ್‌ನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಮತ್ತೆ ಓಡಿಸಬಹುದು, ಆರ್‌ವಿಜ್‌ನಲ್ಲಿ ರೋಬಾಟ್ ತನ್ನ ಲೋಕವನ್ನು ಹೇಗೆ ನೋಡುತ್ತಿದೆ ಅಂತ ಕಣ್ಣಾರೆ ನೋಡಬಹುದು. ಆದರೆ ಆ ಬಾಯಿಯ ಭಾಷೆ ಕಲಿಯಲು ಕೆಲವು ವಾರ ಬೇಕು. ಲೇಸರಿನಿಂದ ಸುತ್ತಲಿನ ದೂರ ಅಳೆಯುವ ಲೈಡಾರ್ ಇದ್ದು, ನಕ್ಷೆ ಮಾಡಿ, ಅಡ್ಡ ಬಂದವರನ್ನು ತಪ್ಪಿಸಿ ಹೋಗಬೇಕು ಅಂದರೆ ಸ್ಲ್ಯಾಮ್ ಟೂಲ್‌ಬಾಕ್ಸ್, ನ್ಯಾವ್ 2 ಇವೆಲ್ಲ ಸಿದ್ಧ ಇವೆ, ಅವನ್ನು ನೀವೇ ಬರೆಯುವುದು ಹುಚ್ಚು. ಆರು ಕೀಲಿನ ತೋಳಾದರೆ ಮೂವ್‌ಇಟ್. ನಿಮ್ಮ ಪಟ್ಟಿಯಲ್ಲಿ ಲೈಡಾರೂ ಇಲ್ಲ, ತೋಳೂ ಇಲ್ಲ. ಎರಡು ಚಕ್ರ, ಒಂದು ಕ್ಯಾಮೆರಾ, ಮುಚ್ಚಿ ತೆರೆಯುವ ಒಂದು ಬಾಯಿ. ರಾಸ್ ಕೊಡುವ ದೊಡ್ಡ ಲಾಭ ನಿಮಗೆ ಸಿಗುವುದಿಲ್ಲ, ಅದರ ಹೊರೆ ಮಾತ್ರ ಪೂರ್ತಿ ಸಿಗುತ್ತದೆ.

ಆ ಹೊರೆ ಎಂಥದ್ದು ಅಂತ ಹೇಳಿಬಿಡುತ್ತೇನೆ. ರಾಸ್ 1ರ ಕೊನೆಯ ಆವೃತ್ತಿ ನೋಎಟಿಕ್‌ನ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿದಿದೆ. ಸಿಮ್ಯುಲೇಟರ್ ಗಜೀಬೊ ಕ್ಲಾಸಿಕ್‌ನದ್ದು ಅದೇ ವರ್ಷ ಜನವರಿಯಲ್ಲಿ. ಆದರೆ ಹುಡುಕಿದರೆ ಸಿಗುವ ಪಾಠಗಳಲ್ಲಿ ಹಳೆಯವೇ ಜಾಸ್ತಿ. ಕ್ಯಾಟ್‌ಕಿನ್ ಅನ್ನುವ ಪದ ಕಂಡರೆ ಅದು ರಾಸ್ 1, ಕೋಲ್ಕನ್ ಕಂಡರೆ ರಾಸ್ 2. ಕೋಡ್ ಬರೆದುಕೊಡುವ ಎಐಗಳೂ ಎರಡನ್ನೂ ಒಂದೇ ಫೈಲಿನಲ್ಲಿ ಕಲಸಿ ಕೊಡುವುದನ್ನು ನೋಡಿದ್ದೇನೆ. ರಾಸ್ 2ರ ಹಂಬಲ್ ಆವೃತ್ತಿಗೆ ಉಬುಂಟು ಲಿನಕ್ಸ್ 22.04 ಬೇಕು, ಅದಕ್ಕೆ ಬೆಂಬಲ 2027ರ ಮೇ ತನಕ. ಆದರೆ 22.04ಕ್ಕೆ ಪೈ 5ರ ಬೆಂಬಲ ಇಲ್ಲ. ಹಾಗಾಗಿ ಪೈ 5ರಲ್ಲಿ ಹಾಕುವುದಾದರೆ ಉಬುಂಟು 24.04, ಅದರ ಮೇಲೆ ರಾಸ್ 2ರ ಜ್ಯಾಜಿ (Jazzy) ಆವೃತ್ತಿ, ಅದಕ್ಕೆ 2029ರ ತನಕ ಬೆಂಬಲ ಇದೆ. ಆಗ ರಾಸ್‌ಬೆರಿ ಪೈ ಓಎಸ್‌ನ ಸುಲಭದ ಕ್ಯಾಮೆರಾ ದಾರಿ ಬಿಟ್ಟುಹೋಗುತ್ತದೆ. ಒಂದು ಆಯ್ಕೆ ಇನ್ನೊಂದನ್ನು ಎಳೆಯುತ್ತದೆ, ನೋಡಿದಿರಾ.

ವೈಫೈ ಕತೆ ಬೇರೆ. ರಾಸ್ 2ರಲ್ಲಿ ಪ್ರೋಗ್ರಾಮ್‌ಗಳು ಒಂದನ್ನೊಂದು ಹುಡುಕಿಕೊಳ್ಳಲು ಮಾಮೂಲಾಗಿ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಸಂದೇಶ ಕಳಿಸುವ ರೀತಿ) ಬಳಸುತ್ತವೆ, ದೊಡ್ಡ ಸಂಸ್ಥೆಗಳ ವೈಫೈನಲ್ಲಿ ಅದನ್ನು ತಡೆದಿರುವುದು ಸಾಮಾನ್ಯ. ಮನೆಯಲ್ಲಿ ಓಡಿದ್ದು ಕಾಲೇಜಿನಲ್ಲಿ ಓಡುವುದಿಲ್ಲ. ತಡೆಯದಿದ್ದರೆ ಇನ್ನೂ ಮಜಾ. ಒಮ್ಮೆ ಒಂದು ಲ್ಯಾಬ್‌ನಲ್ಲಿ ಎರಡು ತಂಡ ಪಕ್ಕಪಕ್ಕದಲ್ಲಿ ಕೆಲಸ ಮಾಡುತ್ತಿದ್ದವು. ಒಬ್ಬರು ಜಾಯ್‌ಸ್ಟಿಕ್ ಒತ್ತಿದರೆ ಎರಡೂ ರೋಬಾಟ್ ಓಡುತ್ತಿತ್ತು. ಇಬ್ಬರೂ, ಒಂದು ತಂಡದ ಸಂದೇಶ ಇನ್ನೊಂದಕ್ಕೆ ಹೋಗದಂತೆ ಬೇರೆ ಮಾಡುವ ಡೊಮೇನ್ ಐಡಿಯನ್ನು ಡೀಫಾಲ್ಟ್ 0ಯಲ್ಲೇ ಬಿಟ್ಟಿದ್ದರು. ನಗುವುದಕ್ಕೆ ಚೆನ್ನಾಗಿತ್ತು, ಮೇಜಿನ ಮೇಲಿದ್ದ ಎರಡನೇ ರೋಬಾಟ್ ಕೆಳಗೆ ಬೀಳುವ ತನಕ.

ಹಾಗಾಗಿ ನನ್ನ ತೀರ್ಪು: ನಿಮ್ಮಲ್ಲಿ ಒಬ್ಬರಾದರೂ ಮುಂಚೆ ರಾಸ್ 2 ಬಳಸಿದ್ದರೆ ಹಾಕಿ, ಇಲ್ಲದಿದ್ದರೆ ಈ ಸಲ ಬೇಡ. ಪುಟ್ಟ ಬೋರ್ಡ್‌ಗಳ ರಾಸ್ 2 ಆದ ಮೈಕ್ರೊ ರಾಸ್ ಅಂತೂ ಉನೊದಂಥ 2 ಕಿಲೋಬೈಟ್ ಬೋರ್ಡಿಗೆ ಅಲ್ಲವೇ ಅಲ್ಲ. "ಆದರೆ ಸರ್, ಕೆಲಸಕ್ಕೆ ಹೋಗುವಾಗ ರಾಸ್ ಕೇಳುತ್ತಾರೆ" ಅನ್ನುತ್ತೀರಿ, ಸರಿ, ಅದೂ ನ್ಯಾಯವಾದ ಕಾರಣವೇ. ಹಾಗಿದ್ದರೆ ಗುರಿಯನ್ನೇ ಬದಲಾಯಿಸಿ: ಗ್ರಿಪ್ಪರ್ ಕೈಬಿಟ್ಟು, ಕಲಿಕೆಯನ್ನೇ ಪ್ರಾಜೆಕ್ಟ್ ಮಾಡಿ, ಗೈಡ್‌ಗೂ ಹಾಗೇ ಹೇಳಿ. ಎರಡೂ ಬೇಕು ಅಂತ ಹೊರಟ ತಂಡಗಳು ಹತ್ತನೇ ವಾರಕ್ಕೆ ಎರಡೂ ಇಲ್ಲದೆ ಕೂತಿದ್ದನ್ನು ನೋಡಿದ್ದೇನೆ. ನಡುವಿನ ದಾರಿ ಒಂದಿದೆ. ಚಕ್ರ ಓಡಿಸುವುದು, ಮಾರ್ಕರ್ ನೋಡುವುದು, ತೀರ್ಮಾನ ಮಾಡುವುದು, ಈ ಮೂರನ್ನು ಮೂರು ಬೇರೆ ಪೈಥಾನ್ ಫೈಲ್‌ನಲ್ಲಿಡಿ, ಒಂದರ ಒಳವಿಷಯ ಇನ್ನೊಂದಕ್ಕೆ ಗೊತ್ತಿರಬಾರದು. ದೂರ ಮೀಟರಿನಲ್ಲಿ, ಕೋನ ರೇಡಿಯನ್‌ನಲ್ಲಿ, ಎಕ್ಸ್ ಅಂದರೆ ಮುಂದಕ್ಕೆ, ವೈ ಅಂದರೆ ಎಡಕ್ಕೆ. ರಾಸ್‌ನ ರೂಢಿ ಇದೇ. ಹೀಗಿಟ್ಟರೆ ಮುಂದೆ ರಾಸ್ ಹೊದಿಸುವುದು ಒಂದು ವಾರಾಂತ್ಯದ ಕೆಲಸ.

ಸಿಮ್ಯುಲೇಟರ್ ಬಗ್ಗೆ ಚಿಕ್ಕದಾಗಿ. ಗಜೀಬೊ ನಿಮಗೆ ಬೇಡ. ಆಸೆ ಇದ್ದರೆ ವೆಬಾಟ್ಸ್ ನೋಡಿ, 2018ರಿಂದ ಓಪನ್ ಸೋರ್ಸ್, ವಿಂಡೋಸ್‌ನಲ್ಲೂ ಓಡುತ್ತದೆ, ರಾಸ್ ಇಲ್ಲದೆ ನೇರ ಪೈಥಾನ್‌ನಲ್ಲಿ ಬರೆಯಬಹುದು. ಆದರೆ ಮೂವರಿಗೆ ಇರುವುದು ಒಂದೇ ರೋಬಾಟ್, ಅದು ನಿಮ್ಮ ನಿಜವಾದ ಕಷ್ಟ. ಅದಕ್ಕೆ ನನ್ನ ಮದ್ದು ಸುಳ್ಳು ಉನೊ. ಸೀರಿಯಲ್ ಬಳಸುವ ಫೈಲ್‌ನಲ್ಲಿ ಪೋರ್ಟ್ ತೆರೆಯುವುದು, ಸಾಲು ಕಳಿಸುವುದು, ಸಾಲು ಓದುವುದು ಅಂತ ಮೂರೇ ಫಂಕ್ಷನ್ ಇಡಿ. ಅದೇ ಮೂರು ಫಂಕ್ಷನ್ ಇರುವ ಇನ್ನೊಂದು ಪೈಥಾನ್ ಕ್ಲಾಸ್ ಬರೆಯಿರಿ. ಅದು ಬಂದ ವೇಗವನ್ನು ಸಮಯದಿಂದ ಗುಣಿಸಿ, ಎನ್‌ಕೋಡರ್ ಸಂಖ್ಯೆ ಹೆಚ್ಚಿಸಿ, ನಿಜವಾದ ಉನೊದ ಹಾಗೇ ಸಾಲು ವಾಪಸ್ ಕೊಡುತ್ತದೆ. ಐವತ್ತು ಅರವತ್ತು ಸಾಲಿನ ಕೋಡ್. ಈಗ ತೀರ್ಮಾನದ ಕೋಡ್ ಬರೆಯುವವರು ರೋಬಾಟ್ ಇಲ್ಲದೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಆ ಸುಳ್ಳು ಉನೊ ಬೇಕಂತಲೇ ಆಗಾಗ ಸಾಲು ನುಂಗಲಿ, ಮಧ್ಯದಲ್ಲೊಮ್ಮೆ "ಎದ್ದೆ" ಅನ್ನಲಿ. ನಿಮ್ಮ ಕೋಡ್ ಅದನ್ನು ತಡೆದುಕೊಳ್ಳುತ್ತದಾ ಅಂತ ಲ್ಯಾಬ್‌ಗೆ ಹೋಗುವ ಮುಂಚೆಯೇ ಗೊತ್ತಾಗುತ್ತದೆ.

ಜೊತೆಗೆ ಹೋದ ಬಂದ ಪ್ರತಿ ಸಾಲನ್ನೂ ಸಮಯದ ಸಮೇತ ಒಂದು ಸಿಎಸ್‌ವಿ ಫೈಲಿಗೆ ಬರೆಯಿರಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಅದರ ಗ್ರಾಫ್ ಎಳೆದರೆ "ಅದೇಕೋ ಎಡಕ್ಕೆ ಎಳೀತದೆ ಸರ್" ಅನ್ನುವ ಮಾತು "ಬಲ ಚಕ್ರ ಆಜ್ಞೆ ಸಿಕ್ಕ ಮೇಲೆ ಇಷ್ಟು ಹೊತ್ತು ತಡ ಮಾಡುತ್ತಿದೆ" ಅಂತ ಬದಲಾಗುತ್ತದೆ. ರಾಸ್‌ನ ಬ್ಯಾಗ್ ಫೈಲ್ ಕೊಡುವ ಮುಖ್ಯ ಲಾಭ ನಿಮಗೆ ಇಲ್ಲೇ ಸಿಕ್ಕಿತು.

ಯಾವುದೇ ಹೊಸ ಲೈಬ್ರರಿ ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷದ ಪರೀಕ್ಷೆ ಸಾಕು. ಅದರ ಜೊತೆ ಬಂದ ಉದಾಹರಣೆ ನಿಮ್ಮ ಬೋರ್ಡಿನಲ್ಲಿ ಹಾಗೇ ಓಡುತ್ತದಾ? ಕೊನೆಯ ಬಿಡುಗಡೆ ಯಾವಾಗ? ಅದರ ಇಶ್ಯೂ ಪಟ್ಟಿಯಲ್ಲಿ ನಿಮ್ಮ ಬೋರ್ಡಿನ ಹೆಸರು ಹಾಕಿ ಹುಡುಕಿ, ನಕ್ಷತ್ರ ಎಷ್ಟಿದೆ ಅಂತ ನೋಡುವುದಕ್ಕಿಂತ ಇದು ಒಳ್ಳೆಯ ಅಳತೆ. ಸೆನ್ಸರ್ ವೈರ್ ಕಿತ್ತು ಓಡಿಸಿ. ಎರರ್ ಕೊಟ್ಟರೆ ಒಳ್ಳೆಯ ಲೈಬ್ರರಿ. ವೈರ್ ಕಿತ್ತಿದ್ದರೂ ಶಾಂತವಾಗಿ 0 ಅಂತಲೋ ಹಳೆಯ ಸಂಖ್ಯೆಯನ್ನೋ ಕೊಡುತ್ತಾ ಕೂತರೆ, ಬೇರೆ ಹುಡುಕಿ.

ಗಿಟ್ ಬಳಸಿ, ಅದನ್ನು ಹೇಳಬೇಕಾಗಿಲ್ಲ. ಎಲ್ಲಾ ಓಡಿದ ದಿನ ಪಿಪ್ ಫ್ರೀಜ್ ಮಾಡಿ ಆವೃತ್ತಿಗಳ ಪಟ್ಟಿ ಅದರಲ್ಲೇ ಇಡಿ, ಪೈಯ ಎಸ್‌ಡಿ ಕಾರ್ಡಿನ ಪೂರ್ತಿ ಪ್ರತಿ ಒಂದು ಲ್ಯಾಪ್‌ಟಾಪ್‌ನಲ್ಲಿ ಇರಲಿ. ಡೆಮೊ ವಾರದಲ್ಲಿ ಯಾರೂ ಅಪ್‌ಗ್ರೇಡ್ ಅನ್ನುವ ಪದ ಟೈಪ್ ಮಾಡಬಾರದು.

ಸಿ ಬರುವವರು ಈ ವಾರ ಉನೊ ಹಿಡಿದು, ಟೈಪ್ ಮಾಡಿದ ಒಂದು ಸಾಲಿಗೆ ಎರಡೂ ಚಕ್ರ ತಿರುಗುವ ಹಾಗೆ, ಕೇಬಲ್ ಕಿತ್ತರೆ ಅರ್ಧ ಸೆಕೆಂಡಿನಲ್ಲಿ ನಿಲ್ಲುವ ಹಾಗೆ ಮಾಡಲಿ. ಇನ್ನೊಬ್ಬರು ಲ್ಯಾಪ್‌ಟಾಪ್‌ನಲ್ಲೇ ವೆಬ್‌ಕ್ಯಾಮ್ ಇಟ್ಟು ಆರುಕೊ ಓದಿಸಲಿ, ಪೈ ಆಮೇಲೆ. ಮೂರನೆಯವರಿಗೆ ಸುಳ್ಳು ಉನೊ. ಸರ್ವೊ ಮೂರನೇ ವಾರದ ತನಕ ಡಬ್ಬದಲ್ಲೇ ಇರಲಿ. ಎರಡು ವಾರ ಆದಮೇಲೂ ಚಕ್ರ ತಿರುಗದಿದ್ದರೆ ಮತ್ತೆ ಬರೆಯಿರಿ. ಬರೆಯುವಾಗ "ಓಡ್ತಾ ಇಲ್ಲ ಸರ್" ಅಂತ ಮಾತ್ರ ಬರೆಯಬೇಡಿ, ಆ ಸಿಎಸ್‌ವಿ ಫೈಲನ್ನೂ ಪಿನ್‌ಗಳ ಹಾಳೆಯ ಫೋಟೊವನ್ನೂ ಜೊತೆಗೆ ಕಳಿಸಿ.